ಜೋಮು ಹಿಡಿದ ತುಟಿ

ಅಪ್ಪ ಮೊದಲ ಸಲ ಹೇಳಿದಾಗ ನಾನು ಠಾಣೆ ಸ್ಟೇಷನ್ನಿನ ಮೆಟ್ಟಿಲು ಇಳಿಯುತ್ತಿದ್ದೆ. "ತಮ್ಮಾ, ಕೆಳಗಿನ ತುಟಿ ಜೋಮ ಹಿಡದಂಗ ಆಗೇತಿ. ಚಾ ಸೋರಿದ್ರೂ ಗೊತ್ತಾಗವಲ್ದು." "ವಯಸ್ಸಾತಲ್ಲಪ್ಪಾ" ಅಂದು ಲೋಕಲ್ ಹತ್ತಿದೆ.

ದೀಪಾವಳಿಗೆ ಗದಗಕ್ಕೆ ಹೋದಾಗ ಬಲದವಡೆ ಊದಿತ್ತು. ದಂತವೈದ್ಯೆ ಎಕ್ಸ್‌ರೇ ತೋರಿಸಿದರು: ಹೊರಗೆ ಬಾರದೆ ಎಲುಬಿನಲ್ಲೇ ಉಳಿದ ಬುದ್ಧಿಹಲ್ಲು, ಸುತ್ತ ಕಪ್ಪು ನೆರಳು. ಸಿಸ್ಟ್. ಹಲ್ಲು ಬೆಳೆಯುವಾಗ ಅದನ್ನು ಸುತ್ತಿಕೊಂಡಿರುವ ಪೊರೆಯಲ್ಲಿ ನೀರು ತುಂಬಿ ಆಗುವ ಚೀಲ. ಇಂಥವು ಎಷ್ಟೋ ಜನರಿಗೆ ಇರುತ್ತವೆ, ತೆಗೆದರೆ ಮುಗಿಯಿತು. ತೆಗೆದರು ಕೂಡ. ಚೀಲವನ್ನು ಪರೀಕ್ಷೆಗೆ ಕಳಿಸಲು ಬೇರೆ ದುಡ್ಡು ಅಂದಾಗ ನಾನು, "ಬೇಕೇ ಬೇಕಾ ಡಾಕ್ಟ್ರೇ?" ಎಂದೆ. ದುಡ್ಡಿಗಿಂತ ನನ್ನ ರಜೆ ಮುಗಿದಿತ್ತು. "ತುಟಿ ಜೋಮು ಅಂತಾರಲ್ರೀ, ಕಳಸೂಣು" ಎಂದು ಆಕೆ ಫಾರ್ಮಲಿನ್ ಬಾಟಲಿಯ ಮೇಲೆ ಅಪ್ಪನ ಹೆಸರು ಬರೆದರು.

ಸಿಸ್ಟಿನ ಒಳಪದರದಲ್ಲೇ ಕ್ಯಾನ್ಸರ್ ಇತ್ತು. ಬಹಳ ಅಪರೂಪ. ಬರಿಯ ಸಿಸ್ಟು ನರವನ್ನು ಪಕ್ಕಕ್ಕೆ ತಳ್ಳುತ್ತದೆ, ತುಟಿ ಜೋಮು ಹಿಡಿಸುವುದು ಕಡಿಮೆ. ಕೆಳದವಡೆಯ ಎಲುಬಿನೊಳಗೆ ಹಾದು ತುಟಿಗೆ ಹೋಗುವ ನರ ಎರಡು ತಿಂಗಳ ಹಿಂದೆಯೇ ಹೇಳಿತ್ತು, ಫೋನಿನಲ್ಲಿ.

ಅಪ್ಪ ನಿವೃತ್ತ ಮಾಸ್ತರ. ಎಲೆಅಡಿಕೆಯನ್ನೂ ಮುಟ್ಟಿದವರಲ್ಲ. ಊರಲ್ಲಿ ಮಾತ್ರ, "ಮಾಸ್ತರು ಕದ್ದು ಗುಟಕಾ ತಿಂತಿದ್ರೇನು?" ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಕೆನ್ನೆ, ನಾಲಿಗೆ, ವಸಡಿನ ಮೇಲೆ ಹುಣ್ಣಾಗಿ ಕಾಣುತ್ತದೆ, ಇದು ಎಲುಬಿನೊಳಗೆ, ಹಲ್ಲಿನ ಹಳೆಯ ಪೊರೆಯಲ್ಲೇ ಹುಟ್ಟಿದ್ದು ಎಂದು ಎಷ್ಟು ಜನಕ್ಕೆ ವಿವರಿಸುವುದು? ಆ ಪ್ರಶ್ನೆ ಅಪ್ಪನಿಗೆ ರೋಗಕ್ಕಿಂತ ಹೆಚ್ಚು ಚುಚ್ಚಿತು. ಸಂಬಂಧಿಕರ ಫೋನ್ ತೆಗೆಯುವುದನ್ನೇ ಬಿಟ್ಟರು.

ಮುಂಬಯಿಗೆ ಕರೆತಂದೆ. ಬೇರೆ ಅಂಗದಿಂದ ದವಡೆಗೆ ಹಬ್ಬಿದ್ದಲ್ಲ ಎಂದು ಖಚಿತವಾಗಲು ಪರೇಲಿನ ಆಸ್ಪತ್ರೆಯಲ್ಲಿ ಮೈಯೆಲ್ಲ ಸ್ಕ್ಯಾನ್ ಮಾಡಿದರು. ಆಮೇಲೆ ಅರ್ಧ ದವಡೆ, ಕುತ್ತಿಗೆಯ ಗ್ರಂಥಿಗಳನ್ನು ತೆಗೆದು, ಮೊಣಕಾಲ ಕೆಳಗಿನ ಸಣ್ಣ ಎಲುಬನ್ನು ತಂದು ದವಡೆ ಕಟ್ಟಿದರು. ನಂತರ ಆರು ವಾರ ರೇಡಿಯೇಷನ್.

ಅಪ್ಪ ಈಗ ಠಾಣೆಯಲ್ಲೇ ನಮ್ಮ ಜೊತೆ ಇದ್ದಾರೆ. ರಿಪೋರ್ಟಿನ ಜೆರಾಕ್ಸು ಜೇಬಿನಲ್ಲಿರುತ್ತದೆ. ಊರಿನವರು ಯಾರಾದರೂ ಬಂದರೆ ಮೊದಲು ಅದನ್ನೇ ಬಿಚ್ಚಿ ಇಡುತ್ತಾರೆ. ಜೋಮು ಹಾಗೇ ಇದೆ. ಚಾ ಸೋರಿದರೆ ನನ್ನ ಮಗಳು, "ಅಜ್ಜಾ, ಬಲಕ್ಕ" ಅನ್ನುತ್ತಾಳೆ. ಅವರು ಟವೆಲ್ಲಿನಿಂದ ಒರೆಸಿಕೊಳ್ಳುತ್ತಾರೆ.