ಕಾರ್ಣಿಕದ ಸೀಮೆಯಲ್ಲಿ ಮೊಬೈಲು

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ, ‘ಸದ್ದಲೇ’ ಎಂದು ನೆರೆದ ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಒಂದು ಮಾತನ್ನು ನುಡಿದು ಕೆಳಗೆ ಬೀಳುತ್ತಾನೆ. ನಾನು ಚಿಕ್ಕವನಿದ್ದಾಗ ಆ ಮಾತು ನಮ್ಮೂರನ್ನು ತಲುಪಬೇಕಾದರೆ ಜಾತ್ರೆಗೆ ಹೋದ ಚಕ್ಕಡಿಗಳು ಹಿಂತಿರುಗಬೇಕಾಗಿತ್ತು. ಅಷ್ಟರಲ್ಲಿ ಅದಕ್ಕೆ ಮಳೆಯ ಅರ್ಥವೊಂದು, ಬೆಳೆಯ ಅರ್ಥವೊಂದು, ರಾಜಕೀಯದ ಅರ್ಥವೊಂದು ಹುಟ್ಟಿಕೊಂಡಿರುತ್ತಿತ್ತು. ಈಗ ಗೊರವಯ್ಯನ ಕಾಲು ನೆಲ ಮುಟ್ಟುವುದರೊಳಗೆ ಕಾರ್ಣಿಕವು ಮೊಬೈಲಿಗೆ ಬಂದು ಬಿದ್ದಿರುತ್ತದೆ. ಅರ್ಥಗಳು ಮಾತ್ರ ಈಗಲೂ ಮೂರೇ!

ಈ ವಿಷಯವನ್ನು ಎತ್ತಲು ಕಾರಣವಿದೆ. ಕೊಟ್ಟೂರಿನ ಹಳೆಯ ವಿದ್ಯಾರ್ಥಿಯೊಬ್ಬ, “ಗುರುಗಳೇ, ಫೇಸ್‌ಬುಕ್ಕಿನಿಂದ ಜನ ಎದ್ದು ಸರ್ಕಾರಗಳೇ ಉರುಳಿದವಲ್ಲ, ನಿಮ್ಮ ಕಾಲದಲ್ಲಿ ಇದು ಸಾಧ್ಯವಿತ್ತೇ?” ಎಂದು ಕೇಳಿದ್ದಾನೆ. ಅವನ ಮನಸ್ಸಿನಲ್ಲಿದ್ದುದು 2011ರ ಈಜಿಪ್ಟ್. ಆದರೆ ಅಲ್ಲಿ ಜನವರಿ 28ರಂದು ಸರ್ಕಾರವು ಅಂತರ್ಜಾಲವನ್ನೇ ಕಡಿದು ಹಾಕಿತ್ತು. ಅಂದೇ ಜನ ಹಿಂದಿನ ದಿನಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಬೀದಿಗಿಳಿದರು. ಸುದ್ದಿ ತಿಳಿಯಲು ಮನೆಯಿಂದ ಹೊರಗೆ ಬರಲೇಬೇಕಾಯಿತು ಎನ್ನೋಣವೇ?

ಅಷ್ಟು ದೂರವೇಕೆ? ನಮ್ಮ ಕೂಡ್ಲಿಗಿಯನ್ನೇ ನೋಡೋಣ. ಆಗಿನ್ನೂ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 2016ರ ಜನವರಿಯಲ್ಲಿ ಅಲ್ಲಿನ ಡಿವೈಎಸ್‌ಪಿ ಅನುಪಮಾ ಶೆಣೈ ಅವರನ್ನು ವಿಜಯಪುರ ಜಿಲ್ಲೆಯ ಇಂಡಿಗೆ ವರ್ಗಾಯಿಸಲಾಯಿತು. ದೂರವಾಣಿಯಲ್ಲಿ ತಮ್ಮನ್ನು ಕಾಯಿಸಿದ್ದಕ್ಕಾಗಿ ತಾವೇ ವರ್ಗ ಮಾಡಿಸಿದ್ದಾಗಿ ಆಗಿನ ಸಚಿವರೂ ಹಡಗಲಿಯ ಶಾಸಕರೂ ಆಗಿದ್ದ ಪಿ.ಟಿ. ಪರಮೇಶ್ವರ ನಾಯ್ಕ ಅವರು ಹೇಳಿಕೊಂಡ ದೃಶ್ಯವು ಟಿ.ವಿ.ಯಲ್ಲಿಯೂ ಮೊಬೈಲುಗಳಲ್ಲಿಯೂ ಹರಿದಾಡಿತು. ವರ್ಗಾವಣೆಯ ವಿದ್ಯೆ ಹಳೆಯದು; ಮೇಷ್ಟರಾಗಿದ್ದ ನಮಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಆದರೆ ಹಿಂದೆ ಅಂಥ ಮಾತು ಆಡಿದವರ ಪಡಸಾಲೆಯನ್ನು ದಾಟುತ್ತಿರಲಿಲ್ಲ. ಈ ಸಲ ದಾಟಿತು. ಕೂಡ್ಲಿಗಿಯ ಜನ ಪ್ರತಿಭಟಿಸಿದರು; ಸರ್ಕಾರವು ಅವರನ್ನು ಮರಳಿ ಕೂಡ್ಲಿಗಿಗೇ ಕಳುಹಿಸಬೇಕಾಯಿತು.

ಅದೇ ವರ್ಷದ ಜೂನ್ 4ರಂದು ಅವರು ರಾಜೀನಾಮೆ ಕೊಟ್ಟರು. ಅವರ ಹೆಸರಿನ ಫೇಸ್‌ಬುಕ್ ಪುಟದಲ್ಲಿ ಒಂದರ ಹಿಂದೊಂದು ಬರಹಗಳು ಬಂದವು. ಅವನ್ನು ಬರೆದವರು ಯಾರೆಂಬ ಬಗ್ಗೆಯೂ ಚರ್ಚೆಯಾಯಿತು. ಇಡೀ ರಾಜ್ಯವೇ ಮುಂದಿನ ಕಂತಿಗಾಗಿ ಕಾಯುತ್ತಿತ್ತು, ಧಾರಾವಾಹಿಗೆ ಕಾಯುವಂತೆ. ಆದರೆ ಅವರು ಹುದ್ದೆಗೆ ಮರಳಲಿಲ್ಲ. ಆ ತಿಂಗಳ ಸಂಪುಟ ಪುನಾರಚನೆಯಲ್ಲಿ ಸಚಿವರೂ ಸ್ಥಾನ ಕಳೆದುಕೊಂಡರೆಂಬುದು ನಿಜ. ಆದರೆ ಅಂದು ಕೈಬಿಟ್ಟವರು ಒಟ್ಟು 14 ಮಂದಿ. ಹಾಗಾಗಿ ಅದನ್ನು ಫೇಸ್‌ಬುಕ್ಕಿನ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜೂನ್ 4 ಇನ್ನೊಂದು ಕಾರಣಕ್ಕೂ ನೆನಪಿನಲ್ಲಿ ಉಳಿದಿದೆ. ರಾಜ್ಯದ ಪೊಲೀಸ್ ಪೇದೆಗಳು ಅಂದು ಸಾಮೂಹಿಕ ರಜೆ ಹಾಕಬೇಕೆಂಬ ಕರೆ ಇತ್ತು. ವಾಟ್ಸ್‌ಆ್ಯಪ್‌ನಲ್ಲಿಯೂ ಅದೇ ಮಾತು. ಸಂಬಳ, ವಾರದ ರಜೆ, ಮೇಲಧಿಕಾರಿಗಳ ಮನೆಗೆಲಸ – ಇವೇ ದೂರುಗಳು. ಸರ್ಕಾರ ಎಸ್ಮಾ ಅಸ್ತ್ರವನ್ನು ಹಿಡಿದಾಗ ಮುಷ್ಕರ ನಡೆಯದೇ ಹೋಯಿತು. ಪೇದೆಯಾಗಿದ್ದ ನನ್ನ ವಿದ್ಯಾರ್ಥಿಯೊಬ್ಬ ಆ ದಿನ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋದ. “ಗುಂಪಿನಲ್ಲಿ ಎಲ್ಲರೂ ಹುಲಿಗಳೇ ಸರ್, ಹಾಜರಿ ಪುಸ್ತಕದಲ್ಲಿ ಎಲ್ಲರ ಸಹಿಯೂ ಇತ್ತು” ಎಂದು ಆಮೇಲೆ ನಕ್ಕ. ನಾನು ನಗಲಿಲ್ಲ. ಮನೆಯಲ್ಲಿ ಹೆಂಡತಿ ಮಕ್ಕಳಿರುವವನು ಮತ್ತೇನು ಮಾಡಬೇಕಿತ್ತು? ಆ ಕೂಗು ವ್ಯರ್ಥವೂ ಆಗಲಿಲ್ಲ. ಔರಾದ್ಕರ್ ಸಮಿತಿ ನೇಮಕವಾಗಿ, ಪರಿಷ್ಕೃತ ವೇತನ ಜಾರಿಗೆ ಬಂದದ್ದು 2019ರಲ್ಲಿ. ಕ್ಷಣಾರ್ಧದಲ್ಲಿ ಹಬ್ಬಿದ ಸಂದೇಶಕ್ಕೆ ಉತ್ತರ ಬರಲು ಮೂರು ವರ್ಷ ಹಿಡಿಯಿತು.

ಇದೇ ಮೊಬೈಲು ಕೊಲೆಯನ್ನೂ ಮಾಡಿಸಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ‘ಮಕ್ಕಳ ಕಳ್ಳರು’ ಎಂಬ ಸಂದೇಶ ಮುಂದಿನ ಊರಿಗೆ ಓಡಿತು; ಮುರ್ಕಿಯ ಬಳಿ ಜನ ಅವರನ್ನು ಅಡ್ಡಗಟ್ಟಿದರು. ಒಬ್ಬ ಯುವಕ ಪ್ರಾಣ ಕಳೆದುಕೊಂಡ. ಅಲ್ಲಿಯೂ ಜನ ಎದ್ದದ್ದೇ, ಅದೂ ಮಕ್ಕಳ ಮೇಲಿನ ಕಾಳಜಿಯಿಂದ ಎದ್ದದ್ದು! ಎಂಥ ವಿಪರ್ಯಾಸ!

ಆ ದಿನಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೂ ಅಂಥದೊಂದು ಸಂದೇಶ ಬಂದಿತ್ತು, ಹಗರಿಬೊಮ್ಮನಹಳ್ಳಿಯ ಹೆಸರು ಹೊತ್ತು. ಹತ್ತಾರು ಮಂದಿ ಅದನ್ನು ನೋಡಿದರು. ಹರಪನಹಳ್ಳಿಯ ಒಬ್ಬ ತನ್ನೂರಿನ ಗುಂಪಿಗೂ ಕಳುಹಿಸಿಬಿಟ್ಟ. ಅಂಗನವಾಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗಿಯೊಬ್ಬಳು ಮಾತ್ರ ಅಲ್ಲಿನ ಠಾಣೆಗೆ ಫೋನು ಹಚ್ಚಿ ವಿಚಾರಿಸಿ, “ಇದು ಸುಳ್ಳು, ಅಂಥದ್ದೇನೂ ನಡೆದಿಲ್ಲ, ಅಳಿಸಿರಿ ಅಣ್ಣ” ಎಂದು ಬರೆದಳು. ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರ ಸದ್ದೂ ಇರಲಿಲ್ಲ. ಸಂಜೆಯೊಳಗೆ ಹಾಕಿದವನು ಅಳಿಸಿದ್ದ. ಹರಪನಹಳ್ಳಿಯವನು ತನ್ನೂರಿನ ಗುಂಪಿಗೆ ಅವಳ ಮಾತನ್ನೇ ಕಳುಹಿಸಿದ್ದ.