ಹಿಮದ ನಾಡಿನ ಮರದ ಮನೆಗಳು

ಅಮೆರಿಕದ ಬಾಸ್ಟನ್ ನಗರಕ್ಕೆ ಹೋದವರು ಸಮೀಪದ ಡೆಡ್‌ಹ್ಯಾಮ್ ಊರನ್ನು ನೋಡದೆ ಹಿಂದಿರುಗಬಾರದು. ಫೇರ್‌ಬ್ಯಾಂಕ್ಸ್ ಮನೆತನದವರು 1637-41ರ ನಡುವೆ ಕಟ್ಟಿಸಿದ ಮರದ ಮನೆಯೊಂದು ಅಲ್ಲಿ ಇಂದಿಗೂ ನಿಂತಿರುವುದು. ಓಕ್ ತೊಲೆಯ ತುದಿಯನ್ನು ಕಡೆದು, ಕಂಬದ ರಂಧ್ರದಲ್ಲಿ ಕೂಡಿಸಿ, ಮರದ ಗೂಟ ಬಡಿದು ಬಿಗಿದ ಚೌಕಟ್ಟದು. ಉತ್ತರ ಅಮೆರಿಕದಲ್ಲಿ ಉಳಿದಿರುವ ಈ ಬಗೆಯ ಮನೆಗಳಲ್ಲಿ ಇದೇ ಅತ್ಯಂತ ಹಳೆಯದೆನ್ನುವರು. ಆದರೆ ಇಂಥ ಗಟ್ಟಿ ಮನೆಗಳಲ್ಲಿಯೂ ಚಳಿಗಾಲ ಸುಖವಾಗಿರಲಿಲ್ಲ. ಒಲೆಯ ಕಾವೆಲ್ಲ ಚಿಮಣಿಯಿಂದಲೂ ಸಂದುಗಳಿಂದಲೂ ಹೊರಟುಹೋಗುತ್ತಿತ್ತು.

ಉತ್ತರದ ನ್ಯೂಹ್ಯಾಂಪ್‌ಶೈರಿನಲ್ಲಿ 1970ರ ದಶಕದಿಂದೀಚೆಗೆ ಈ ಬಡಗಿವಿದ್ಯೆಗೆ ಮರುಜೀವ ಬಂದಿದೆ. ಚೌಕಟ್ಟು ಪೂರ್ವದಂತೆಯೇ; ಮಾಡು ಮಾತ್ರ ಹೊಸದು. ಎರಡು ತೆಳುಹಲಗೆಗಳ ನಡುವೆ ಸುಮಾರು ಗೇಣು ದಪ್ಪದ ನೊರೆಯಂಥ ಪ್ಲಾಸ್ಟಿಕ್ಕನ್ನು ಅಂಟಿಸಿ, ಆ ಫಲಕಗಳನ್ನು ತೊಲೆಗಳ ಮೇಲೆ ಹೊದಿಸುವರು. ನೊರೆಯಲ್ಲಿ ಸೆರೆಯಾದ ಗಾಳಿಯು ಕಂಬಳಿಯಂತೆ ಶಾಖವನ್ನು ತಡೆಯುವುದು. ತೊಲೆಗಳು ಒಳಗಿನಿಂದ ಕಾಣುತ್ತಲೇ ಇರುವುವು. ಬಡಗಿಗೆ ಇದಕ್ಕಿಂತ ಸಂತೋಷವೇನು?

ಫಲಕಗಳ ಸಂದೇ ಇದರ ಮರ್ಮಸ್ಥಾನ. ಅಡಿಗೆಯ ಹಬೆ, ಸ್ನಾನದ ಹಬೆ, ಎಲ್ಲವೂ ಅಲ್ಲಿ ನುಸುಳಿ, ಹೊರಹಲಗೆಯ ತಣ್ಪಿಗೆ ನೀರಾಗಿ, ಮರವನ್ನು ಕೊಳೆಯಿಸುವುವು. ಅಲಾಸ್ಕದ ಜೂನೋ ಪಟ್ಟಣದಲ್ಲಿ ಹೀಗೆ ಕೆಟ್ಟ ಮಾಡುಗಳು 2001ರ ಸುಮಾರಿಗೆ ಬೆಳಕಿಗೆ ಬಂದುವು. ಸಂದುಗಳನ್ನು ಸರಿಯಾಗಿ ಮುಚ್ಚದಿದ್ದುದೇ ಕಾರಣವೆಂದು ಪರೀಕ್ಷಕರು ಕಂಡರು. ಗೃಹಸ್ಥನ ಉಳಿತಾಯವೆಲ್ಲ ಬೆರಳಗಲಕ್ಕಿಂತ ಕಿರಿದಾದ ಬಿರುಕಿನಲ್ಲಿ ಸೋರಿಹೋಗುವುದೆಂದರೆ ಎಂತಹ ಕಷ್ಟ!

ಬಿಗಿಯಾಗಿ ಮುಚ್ಚಿದ ಮನೆಗೆ ಉಸಿರಾಟದ ಏರ್ಪಾಡೂ ಬೇಕಷ್ಟೆ. ಅದಕ್ಕೊಂದು ಸಣ್ಣ ಯಂತ್ರವಿರುವುದು. ಅದು ಹಳೆಯ ಗಾಳಿಯನ್ನು ಹೊರಗೆ ದೂಡುತ್ತ, ಅದರ ಕಾವಿನ ಬಹುಭಾಗವನ್ನು ಒಳಬರುವ ಹೊಸ ಗಾಳಿಗೆ ದಾಟಿಸುವುದು.