ಹೊಸ ಮನೆಗೆ ಹಳೇ ಪಟ್ಟಿ

ಹೋದ ವರ್ಷ ಮನೆ ಬದಲಾಯಿಸಿದಾಗ ಅಮ್ಮ ಹಳೇ ಮನೆಯ ಸಾಮಾನಿನ ಪಟ್ಟಿ ಹಿಡ್ಕೊಂಡು ಒಂದೊಂದಕ್ಕೂ ಟಿಕ್ ಹಾಕ್ತಾ ಬಂದ್ರು. ಮಿಕ್ಸಿ, ಇನ್ವರ್ಟರ್, ಗೀಸರ್, ಎಲ್ಲವೂ ಬಂದಿತ್ತು. ಬೆಳಿಗ್ಗೆ ನೋಡಿದ್ರೆ ಬಚ್ಚಲಲ್ಲಿ ಗೀಸರ್‌ಗೆ ಬೇಕಾದ ದೊಡ್ಡ ಪಿನ್ನಿನ ಸಾಕೆಟ್ಟೇ ಇಲ್ಲ! "ಪಟ್ಟೀಲಿ ಇತ್ತಲ್ಲೇ" ಅಂದ್ರು ಅಮ್ಮ. ನನಗೆ ನಗು ಬರಲಿಲ್ಲ. ಇದೇ ತಪ್ಪನ್ನು ನಾನು ಆಫೀಸಿನಲ್ಲಿ ಮಾಡಿ, ಇನ್ನೊಬ್ಬರ ತಲೆಗೆ ಕಟ್ಟಿದ್ದೆ.

ಸಣ್ಣ ಯಂತ್ರಗಳಿಗೆ ಲಿನಕ್ಸ್ ಕರ್ನಲ್ ಸಿದ್ಧಪಡಿಸುವುದು ನನ್ನ ಕೆಲಸ. ಫೋನು, ಟಿವಿ, ಸರ್ವರ್, ಎಲ್ಲದರಲ್ಲೂ ಓಡುವ ಕರ್ನಲ್‌ನ ಮೂಲ ಕೋಡ್ ಒಂದೇ. ಆದರೆ ಪ್ರೊಸೆಸರ್‌ಗಳ ಜಾತಿ ಬೇರೆ ಬೇರೆ: ಎಕ್ಸ್86, ಆರ್ಮ್, ರಿಸ್ಕ್-ಫೈವ್, ಹೀಗೆ. ಯಾವ ಸೌಲಭ್ಯ ಬೇಕು, ಯಾವುದು ಬೇಡ ಅಂತ ಆರಿಸಲು ಕೆಕಾನ್ಫಿಗ್ ಎಂಬ ವ್ಯವಸ್ಥೆಯಿದೆ. ನಾವು ಆರಿಸಿದ್ದೆಲ್ಲ ಡಾಟ್ ಕಾನ್ಫಿಗ್ ಅನ್ನೋ ಒಂದು ಫೈಲಿನಲ್ಲಿ ಕೂರುತ್ತದೆ. ಅದರಲ್ಲಿ ಸಾವಿರಾರು ಸಾಲು.

ನಮ್ಮ ಉಪಕರಣವನ್ನು 32 ಬಿಟ್ ಆರ್ಮ್ ಚಿಪ್‌ನಿಂದ ಬೇರೊಂದು ಕಂಪನಿಯ 64 ಬಿಟ್ ಚಿಪ್‌ಗೆ ಸಾಗಿಸಬೇಕಿತ್ತು. ನಾನೇನು ಮಾಡಿದೆ? ಹಳೇ ಫೈಲನ್ನು ಕಾಪಿ ಮಾಡಿ, ಓಲ್ಡ್‌ಡೆಫ್‌ಕಾನ್ಫಿಗ್ ಅನ್ನೋ ಆಜ್ಞೆ ಕೊಟ್ಟೆ. ಹೊಸ ಪ್ರಶ್ನೆಗಳಿಗೆಲ್ಲ ಅದೇ ಡೀಫಾಲ್ಟ್ ಉತ್ತರ ತುಂಬಿಕೊಳ್ಳುತ್ತದೆ. ಒಂದೂ ಎರರ್ ಇಲ್ಲ. ಬೋರ್ಡ್ ಬೂಟ್ ಆಯ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಮೂರು ವಾರದ ನಂತರ ಗ್ರಾಹಕರ ಕಡೆ ಉಪಕರಣಗಳು ಆಗಾಗ ಹ್ಯಾಂಗ್ ಆಗತೊಡಗಿದವು. ಹಳೆಯವೂ ಅಪರೂಪಕ್ಕೆ ಹ್ಯಾಂಗ್ ಆಗ್ತಿದ್ವು, ಆದರೆ ತಾವೇ ರೀಸ್ಟಾರ್ಟ್ ಆಗ್ತಿದ್ವು. ಇವು ಹಾಗೇ ಸತ್ತಂತೆ ಬಿದ್ದಿರುತ್ತಿದ್ದವು. ಯಾರಾದ್ರೂ ಹೋಗಿ ಪವರ್ ತೆಗೆದು ಹಾಕಬೇಕು. ಮೀಟಿಂಗಿನಲ್ಲಿ ನಾನು ಧೈರ್ಯವಾಗಿ ಹೇಳಿದೆ: "ಸಾಫ್ಟ್‌ವೇರ್ ಅದೇ, ಕಾನ್ಫಿಗೂ ಅದೇ. ಬೋರ್ಡ್‌ನದ್ದೇ ತೊಂದರೆ." ಹಾರ್ಡ್‌ವೇರ್ ನೋಡಿಕೊಳ್ಳುವ ಹಿರಿಯರೊಬ್ಬರು ಏನೂ ಮಾತಾಡದೆ ಎದ್ದು ಹೋದರು. ಒಂದು ವಾರ ರಾತ್ರಿ ಹತ್ತರವರೆಗೂ ಲ್ಯಾಬ್‌ನಲ್ಲಿ ಕೂತು ಪ್ರತಿ ಸಿಗ್ನಲ್ ಅಳೆದರು. ಏನೂ ಸಿಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ, ಬೇರೆ ಕೆಲಸಕ್ಕೆಂದು ಡಿಫ್‌ಕಾನ್ಫಿಗ್ ಅನ್ನೋ ಸ್ಕ್ರಿಪ್ಟ್‌ನಿಂದ ಹಳೇ-ಹೊಸ ಫೈಲುಗಳನ್ನು ಹೋಲಿಸಿದೆ. ವಾಚ್‌ಡಾಗ್ ಡ್ರೈವರ್‌ನ ಸಾಲೇ ಮಾಯ! ವಾಚ್‌ಡಾಗ್ ಅಂದ್ರೆ ಕಾವಲು ಟೈಮರ್. ಸಾಫ್ಟ್‌ವೇರ್ ಕಾಲಕಾಲಕ್ಕೆ "ಬದುಕಿದ್ದೀನಿ" ಅನ್ನದಿದ್ರೆ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಹಳೇ ಡ್ರೈವರ್‌ನ ಡಿಪೆಂಡ್ಸ್ ಆನ್ ಸಾಲಿನಲ್ಲಿ ಹಳೇ ಚಿಪ್ ಕುಟುಂಬದ ಹೆಸರಿತ್ತು. ಹೊಸ ಚಿಪ್‌ನಲ್ಲಿ ಆ ಹೆಸರಿಲ್ಲ, ಹಾಗಾಗಿ ಕೆಕಾನ್ಫಿಗ್ ಆ ಸಾಲನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಹೊಸ ಚಿಪ್‌ನ ವಾಚ್‌ಡಾಗ್‌ಗೆ ಬೇರೆಯೇ ಡ್ರೈವರ್. ಅದನ್ನು ಆನ್ ಮಾಡಬೇಕಿದ್ದವಳು ನಾನು.

ಕೈಕಾಲು ತಣ್ಣಗಾಯ್ತು. ಅವತ್ತು ಕೂತು ಕೆಕಾನ್ಫಿಗ್ ದಾಖಲೆಯನ್ನು ಮೊದಲಿನಿಂದ ಓದಿದೆ. ಕರ್ನಲ್ ಬರೆಯುವವರು ಇದಕ್ಕೊಂದು ಶಿಸ್ತು ಮಾಡಿಕೊಂಡಿದ್ದಾರೆ. ಒಂದು ಸೌಲಭ್ಯ ಯಾವ್ಯಾವ ಪ್ರೊಸೆಸರ್‌ನಲ್ಲಿ ನಡೆಯುತ್ತೆ ಅಂತ ಉದ್ದ ಪಟ್ಟಿ ಬರೆಯುವ ಬದಲು, 'ಹ್ಯಾವ್' ಎಂದು ಶುರುವಾಗುವ ಚಿಹ್ನೆಯೊಂದನ್ನು ಇಡುತ್ತಾರೆ. ಕೆಪ್ರೋಬ್ಸ್‌ಗೆ ಹ್ಯಾವ್ ಕೆಪ್ರೋಬ್ಸ್ ಇದ್ದ ಹಾಗೆ. ಬೆಂಬಲವಿರುವ ಪ್ರೊಸೆಸರ್ ತಾನೇ ಅದನ್ನು ಸೆಲೆಕ್ಟ್ ಮಾಡುತ್ತದೆ. ಅಂದ್ರೆ ಗೋಡೆಯಲ್ಲಿ ಸಾಕೆಟ್ ಇದೆ ಅಂತ ಮನೆಯೇ ಹೇಳಬೇಕು. ಗೀಸರ್ ಬೇಕೋ ಬೇಡವೋ ಅನ್ನೋದು ನಮ್ಮಿಷ್ಟ. ಈ ಸೆಲೆಕ್ಟ್ ಅನ್ನೂ ಎಚ್ಚರದಿಂದ ಬಳಸಬೇಕು. ಅದು ಒಂದು ಆಯ್ಕೆಯನ್ನು ಬಲವಂತವಾಗಿ ಆನ್ ಮಾಡುತ್ತೆ, ಆ ಆಯ್ಕೆಗೆ ಬೇಕಾದ್ದು ಇದೆಯಾ ಅಂತ ನೋಡಲ್ಲ. ಸಾಕೆಟ್ ಇಲ್ಲದ ಗೋಡೆಗೆ ಗೀಸರ್ ಜಡಿದ ಹಾಗೆ.

ಮರುದಿನ ಆ ಹಿರಿಯರ ಟೇಬಲ್ ಹತ್ತಿರ ಹೋಗಿ, "ಸರ್, ತಪ್ಪು ನಂದು" ಅಂದೆ. ಅವರು ಕನ್ನಡಕ ತೆಗೆದು, "ಮೀಟಿಂಗಲ್ಲಿ ಹೇಳಿದ್ದನ್ನ ಮೀಟಿಂಗಲ್ಲೇ ವಾಪಸ್ ತಗೋಮ್ಮ" ಅಂದ್ರು. ಅಷ್ಟೇ. ಸೋಮವಾರ ಎಲ್ಲರೆದುರು ಹೇಳಿದೆ. ಗಂಟಲು ಒಣಗಿತ್ತು.

ಹೊಸ ಡ್ರೈವರ್ ಆನ್ ಮಾಡಿದ ಮೇಲೆ ಹ್ಯಾಂಗ್ ಆದ ಉಪಕರಣ ತಾನೇ ಎದ್ದು ಕೂರತೊಡಗಿತು. ಹ್ಯಾಂಗ್ ಯಾಕಾಗ್ತಿತ್ತು ಅನ್ನೋದನ್ನು ಹುಡುಕಲು ಇನ್ನೂ ಒಂದು ತಿಂಗಳು ಹಿಡೀತು. ಆ ತಿಂಗಳು ಆ ಸರ್ ನನ್ನ ಪಕ್ಕದಲ್ಲೇ ಕೂತಿದ್ದರು.

ಈಗ ನಾನು ಇಡೀ ಫೈಲನ್ನು ಕಾಪಿ ಮಾಡಲ್ಲ. ನಮಗೆ ಬೇಕೇಬೇಕಾದ ಆಯ್ಕೆಗಳನ್ನು ಚಿಕ್ಕ ಫೈಲಿನಲ್ಲಿ ಬೇರೆ ಬರೆದಿಟ್ಟು, ಮರ್ಜ್ ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಸೇರಿಸುತ್ತೇನೆ. ಕೇಳಿದ್ದು ಕೊನೆಯ ಫೈಲಿನಲ್ಲಿ ಬರದೇ ಇದ್ರೆ ಅದು ಬಾಯಿಬಿಟ್ಟು ಹೇಳುತ್ತದೆ. ಅಮ್ಮನೂ ಬದಲಾಗಿದ್ದಾರೆ. ಮೊನ್ನೆ ಅಕ್ಕ ಹೊಸ ಮನೆ ನೋಡಿದಾಗ ಫೋನಿನಲ್ಲಿ ಮೊದಲು ಕೇಳಿದ್ದು: "ಬಚ್ಚಲಲ್ಲಿ ದೊಡ್ಡ ಸಾಕೆಟ್ ಇದೆಯಾ ನೋಡ್ಕೊಂಡ್ಯಾ?"